ಮಾವನವರ ವ್ಯಾನಿಗೆ ಬಿಸಿಲಿನ ವಯರಿಂಗ್

ನಮ್ಮ ಮಾವನವರಿಗೆ ಸ್ವಂತ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಹೀಗೆಂದ ಕೂಡಲೇ ನಮ್ಮ ಅತ್ತೆಯವರ ಬಗ್ಗೆ ಏನೇನೋ ಕಲ್ಪಿಸಿಕೊಳ್ಳಬೇಡಿ! ಅವರಿಬ್ಬರ ಜಗಳಗಳೆಲ್ಲ ಹಗಲಿನವು. ಸಂಜೆಯ ರೊಟ್ಟಿಯ ಹೊತ್ತಿಗೆ ಮುಗಿದುಹೋಗುತ್ತಿದ್ದವು. ತೊಂದರೆ ಇದ್ದದ್ದು ಮಾವನವರ ಬೆನ್ನಿನಲ್ಲಿ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಬೆನ್ನು ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ವಸ್ತಿ ಬಸ್ಸುಗಳೇ ಅವರ ಪಾಲಿಗೆ ಬಂದವು. ವಸ್ತಿ ಬಸ್ಸೆಂದರೆ ಸಂಜೆ ಹಳ್ಳಿಗೆ ಹೋಗಿ ಅಲ್ಲೇ ತಂಗಿ, ನಸುಕಿನಲ್ಲಿ ಹೊರಡುವ ಬಸ್ಸು. ಸೀಟಿನ ಮೇಲೆ ಮಲಗಿ ಮಲಗಿ, ಹಾಸಿಗೆ ಎಂಬುದೊಂದು ಇದೆ ಎನ್ನುವುದನ್ನೇ ಆ ಬೆನ್ನು ಮರೆತುಬಿಟ್ಟಿತ್ತು.

ನಾನು ಹೂವಿನ ಹಿಪ್ಪರಗಿಗೆ ಸೊಸೆಯಾಗಿ ಬಂದದ್ದೂ ಅವರು ನಿವೃತ್ತರಾದದ್ದೂ ಒಂದೇ ವರ್ಷ, ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ. ನಿವೃತ್ತಿಯ ದಿನ ಅತ್ತೆ ಹೋಳಿಗೆ ಮಾಡಿ, ಹೊಸ ಗಾದಿ ಹಾಸಿ, ಇನ್ನಾದರೂ ಗಂಡ ಮನೆಯಲ್ಲಿರುತ್ತಾನೆ ಎಂದು ಸಂಭ್ರಮಪಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಗಾದಿ ಖಾಲಿ! ಮಾವನವರು ಎದ್ದುಹೋಗಿ ಊರಿನ ಹೆಬ್ಬಾಗಿಲಾದ ಅಗಸಿಯ ಮುಂದೆ ನಿಂತಿದ್ದ ವಸ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿದ್ದರು. ಹಿರಿಯ ಡ್ರೈವರನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಅವರು ಕಣ್ಣು ಬಿಟ್ಟದ್ದು ಮುದ್ದೇಬಿಹಾಳದಲ್ಲಿ.

ಹೀಗೆ ನಾಲ್ಕು ಬಾರಿ ಮುದ್ದೇಬಿಹಾಳ ಕಂಡ ಮೇಲೆ ಮಾವನವರು ಒಂದು ನಿರ್ಧಾರಕ್ಕೆ ಬಂದರು. ಹರಾಜಿನಲ್ಲಿ ಒಂದು ಹಳೆಯ ವ್ಯಾನು ಹಿಡಿದುಕೊಂಡು ಬಂದರು. ಯಾವುದೋ ಹಲ್ಲುಪುಡಿಯ ಪ್ರಚಾರಕ್ಕೆ ಊರೂರು ತಿರುಗಿದ ವ್ಯಾನು. ಅದರ ಮೈಮೇಲೆ ಎಮ್ಮೆಯಷ್ಟು ದೊಡ್ಡ ಹೆಂಗಸೊಬ್ಬಳು ಹಲ್ಲು ಕಿರಿದು ನಗುತ್ತಿದ್ದಳು.

"ಈಕಿ ಯಾರ್ರಿ?" ಎಂದರು ಅತ್ತೆ.

"ಆಕಿ ಮೊದಲಿಂದ ಅದಾಳ. ನಾ ತಂದದ್ದು ಗಾಡಿ ಅಷ್ಟ."

ಮಾವನವರು ಬಡಿಗನನ್ನು ಕರೆಸಿ ಒಳಗೆ ಹಲಗೆಯ ಮಂಚ, ನೀರಿನ ಕೊಡಕ್ಕೆ ತೂತಿನ ಹಲಗೆ, ಸ್ಟೋವಿಗೆ ತಗಡಿನ ಗೂಡು ಮಾಡಿಸಿದರು. ಗಾಳಿಗಾಗಿ ಕಿಟಕಿ ಕೊರೆಸಿದರು. ಬಡಿಗ ಅಳತೆ ತಪ್ಪಿದ್ದರಿಂದ ಕಿಟಕಿ ಆ ಹೆಂಗಸಿನ ಹಲ್ಲಿನ ಜಾಗಕ್ಕೇ ಬಂತು. ಆಮೇಲೆ ಮಾವನವರು ಕಿಟಕಿಯಿಂದ ತಲೆ ಹೊರಹಾಕಿದಾಗಲೆಲ್ಲ ಆಕೆ ಅವರನ್ನು ನುಂಗುತ್ತಿರುವಂತೆ ಕಾಣುತ್ತಿತ್ತು. ಅತ್ತೆಗೆ ಅದೊಂದು ಸಮಾಧಾನ.

ನಿದ್ದೆ ಬಂತು. ಆದರೆ ಬೆಳಕು ಬೇಕಲ್ಲ! ವ್ಯಾನಿನ ಬ್ಯಾಟರಿಗೇ ಒಂದು ಬಲ್ಬು, ಒಂದು ಸಣ್ಣ ಫ್ಯಾನು ಜೋಡಿಸಿಕೊಂಡರು. ರಾತ್ರಿಯೆಲ್ಲ ಫ್ಯಾನು ತಿರುಗಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಲು ಹೋದರೆ ಬ್ಯಾಟರಿಯಲ್ಲಿ ಜೀವವೇ ಇಲ್ಲ. "ತಳ್ರೋ!" ಎಂಬ ಕೂಗು ದಿನವೂ ನಮ್ಮ ಓಣಿಯ ಸುಪ್ರಭಾತವಾಯಿತು. ತಳ್ಳಿದವರನ್ನು ಬಾಗೇವಾಡಿ ಸಂತೆಗೆ ಪುಕ್ಕಟೆ ಕರೆದೊಯ್ಯುವುದಾಗಿ ಮಾವನವರು ಮಾತು ಕೊಟ್ಟರು. ತಳ್ಳಿದವರೆಲ್ಲ ಹತ್ತಿ ಕುಳಿತರೆ ವ್ಯಾನು ಏರು ಹತ್ತುತ್ತಿರಲಿಲ್ಲ. ಇಳಿದು ಮತ್ತೆ ತಳ್ಳಬೇಕಾಗುತ್ತಿತ್ತು. ಎಂಜಿನ್ನಿನಿಂದ ಓಡಿದ್ದಕ್ಕಿಂತ ಜನರಿಂದ ಓಡಿದ್ದೇ ಹೆಚ್ಚು!

ಈ ವೈಭವವನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಮದುವೆಯಾಗಿ ಎಂಟು ತಿಂಗಳಾಗಿತ್ತು. ನನ್ನ ತವರು ಇಂಡಿ. ಅಲ್ಲಿ ಪಿಯುಸಿ ಸೈನ್ಸ್ ಪಾಸಾಗಿದ್ದೆ. ಮುಂದೆ ಓದುವ ಆಸೆ ಇತ್ತು, ಅಷ್ಟರಲ್ಲಿ ಗಂಡು ಸಿಕ್ಕಿತು. ಗಂಡನಿಗೆ ಮುದ್ದೇಬಿಹಾಳದ ಬಟ್ಟೆ ಅಂಗಡಿಯಲ್ಲಿ ಕೆಲಸ. ಊರಿಗೆ ಬರುವುದು ಭಾನುವಾರ ಮಾತ್ರ. ಆ ಮನೆಯಲ್ಲಿ ನಾನು ಮಾವನವರೆದುರು ಅಲ್ಲಿಯವರೆಗೆ ಆಡಿದ ಮಾತುಗಳು ಎರಡೇ: "ಊಟಕ್ಕ ಏಳ್ರಿ" ಮತ್ತು "ಉಪ್ಪು ಬೇಕೇನ್ರಿ?"

ಒಂದು ಬೆಳಿಗ್ಗೆ ತಳ್ಳಲು ಜನ ಬರಲಿಲ್ಲ. ಮಾವನವರು ಬಾನೆಟ್ ತೆರೆದು ಬ್ಯಾಟರಿಯನ್ನು ಬೈಯುತ್ತ ನಿಂತಿದ್ದರು. ನನ್ನ ಬಾಯಿ ತಡೆಯಲಿಲ್ಲ.

"ಮಾವಾರ, ಎರಡು ಬ್ಯಾಟ್ರಿ ಬೇಕ್ರಿ. ಒಂದು ಗಾಡಿಗೆ, ಒಂದು ಮನಿಗೆ. ಮನಿದು ಖಾಲಿ ಆದ್ರೂ ಗಾಡಿದು ಉಳೀತೈತಿ."

ಮಾವನವರು ಬಾನೆಟ್ಟಿನಿಂದ ತಲೆ ಎತ್ತಿ ಸುತ್ತಲೂ ನೋಡಿದರು, ಈ ಮಾತು ಎಲ್ಲಿಂದ ಬಂತೆಂದು. "ಇದು ನಿನಗ ಯಾರು ಹೇಳಿದ್ರು?"

"ಪಿಯುಸಿಯೊಳಗ ಭೌತಶಾಸ್ತ್ರ ಓದೇನ್ರಿ."

ಅವರು ಅಡುಗೆಮನೆಯತ್ತ ತಿರುಗಿ ಕೂಗಿದರು: "ಕೇಳಿದೇನ? ಎಂಟು ತಿಂಗಳದಿಂದ ನಮ್ಮನ್ಯಾಗ ಭೌತಶಾಸ್ತ್ರ ರೊಟ್ಟಿ ಬಡಿಯಾಕತ್ತೈತಿ, ನಮಗ ಖಬರೇ ಇಲ್ಲ!"

"ಅದು ಎರಡು ರೊಟ್ಟಿ ಸೀಸೇತಿ. ಮೊದಲು ಅದನ್ನ ನೋಡಂತ ಹೇಳ್ರಿ" ಎಂದರು ಅತ್ತೆ.

ಅಂದಿನಿಂದ ರೊಟ್ಟಿಯಾದ ಮೇಲೆ ನಾನು ಮಾವನವರ ವಯರಿಂಗ್ ಗುರು. ತಂತಿಯ ಜೋಡಣೆಯನ್ನು ಟೇಪಿನಿಂದ ಸುತ್ತುವುದು, ಕೆಂಪು ವಯರು ಎಲ್ಲಿ, ಕಪ್ಪು ಎಲ್ಲಿ ಎಂಬುದನ್ನೆಲ್ಲ ಶ್ರದ್ಧೆಯಿಂದ ಕಲಿತರು. ಫ್ಯೂಸ್ ಮಾತ್ರ ಅವರ ತಲೆಗೆ ಹತ್ತಲಿಲ್ಲ. ಪದೇ ಪದೇ ಸುಟ್ಟುಹೋಗುವ ತಂತಿಯನ್ನು ಹಾಕುವುದೇಕೆ? ಒಂದು ದಿನ ಗಟ್ಟಿಯಾಗಿರಲೆಂದು ಅತ್ತೆಯವರ ಹೇರ್‌ಪಿನ್ ತೆಗೆದು ಅಲ್ಲಿ ಸಿಕ್ಕಿಸಿದರು. ಪಿನ್ನಿಗೆ ಏನೂ ಆಗಲಿಲ್ಲ. ಉಳಿದ ವಯರೆಲ್ಲ ಹೊಗೆಯಾಯಿತು.

"ಮಾವಾರ, ಫ್ಯೂಸ್ ಇರೋದ ಸುಡಾಕ್ರಿ."

"ಹಂಗಾದ್ರ ಪಾಪ, ಅದನ್ನ ಯಾಕ ಬೈದೆ ನಾನು!" ಎಂದು ಅವರು ನಿಜವಾಗಿಯೂ ನೊಂದುಕೊಂಡರು.

ಎರಡನೇ ಬ್ಯಾಟರಿ ಬಂತೇನೋ ಸರಿ, ಅದಕ್ಕೆ ಚಾರ್ಜ್? ಅದನ್ನು ಬಸ್ಸಿನಲ್ಲಿ ಬಾಗೇವಾಡಿಗೆ ಹೊತ್ತೊಯ್ಯಬೇಕು, ಎರಡು ದಿನ ಬಿಟ್ಟು ತರಬೇಕು. ಮಾವನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು. ಒಮ್ಮೆ ಆಸಿಡ್ ತುಳುಕಿ ಧೋತರಕ್ಕೆ ಎಂಥ ಜಾಗದಲ್ಲಿ ತೂತು ಬಿತ್ತೆಂದರೆ, ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾದರೂ ಅವರು ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಕುಳಿತಂತೆಯೇ ಹಿಂತಿರುಗಿದರು.

ಆ ಚಳಿಗಾಲದಲ್ಲಿ ಸಿಂದಗಿಯಲ್ಲಿ ಒಂದು ವಿಜ್ಞಾನ ಪ್ರದರ್ಶನ ನಡೆಯಿತು. ವಿಜಾಪುರದ ಕಾಲೇಜಿನ ಮಾಸ್ತರೊಬ್ಬರು ಮೇಜಿನ ಮೇಲೆ ನಾಲ್ಕು ಫಲಕ ಇಟ್ಟುಕೊಂಡು ನಿಂತಿದ್ದರು. ಗಾಜಿನ ಕೆಳಗೆ ಹಪ್ಪಳದಂಥ ದುಂಡನೆಯ ನೀಲಿ ಬಿಲ್ಲೆಗಳು. ಬಿಸಿಲು ಬಿದ್ದರೆ ಅದರಿಂದ ಕರೆಂಟು ಹುಟ್ಟಿ ಪುಟ್ಟ ಫ್ಯಾನು ತಿರುಗುತ್ತಿತ್ತು. ಪ್ರಯೋಗಕ್ಕೆಂದು ದಿಲ್ಲಿ ಕಡೆಯಿಂದ ಬಂದದ್ದಂತೆ. ಮಾವನವರು ತಮ್ಮ ರುಮಾಲು ಬಿಚ್ಚಿ ಫಲಕದ ಮೇಲೆ ಹಾಕಿದರು. ಫ್ಯಾನು ನಿಂತಿತು. ತೆಗೆದರು; ತಿರುಗಿತು. ಹಾಕಿದರು, ತೆಗೆದರು, ಹಾಕಿದರು. ಹಿಂದೆ ಸಾಲು ಬೆಳೆಯಿತು. ಮಾಸ್ತರರ ಮುಖ ಕೆಂಪಾಯಿತು.

"ಸಾಕ್ರಿ ಯಜಮಾನ್ರ, ಉಳದವ್ರೂ ನೋಡಬೇಕಲ್ಲ."

"ಮಾಸ್ತರ್ರ, ಇದನ್ನ ಕಾಲೇಜಿನ ಖೋಲಿಯೊಳಗ ಇಟಗೊಂಡು ಏನು ಮಾಡತೀರಿ? ಬಿಸಿಲು ನಮ್ಮ ಹತ್ರ ಐತಿ, ತಗಡು ನಿಮ್ಮ ಹತ್ರ ಐತಿ. ಕೂಡಸೂಣಲ್ಲ?"

ಮಾಸ್ತರರು ನಕ್ಕರು. ಆದರೆ ಮಾವನವರು ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ. ವ್ಯಾನಿನಲ್ಲೇ ಸ್ಟೋವ್ ಹಚ್ಚಿ ಅವರಿಗೆ ಚಹಾ ಮಾಡಿಕೊಟ್ಟರು, ಮಂಚ ತೋರಿಸಿದರು, ಎರಡು ಬ್ಯಾಟರಿಯ ಗುಟ್ಟು ಹೇಳಿದರು. ಕೊನೆಗೆ ಮಾಸ್ತರರು ಎರಡು ಫಲಕಗಳನ್ನು ಒಂದು ವರ್ಷಕ್ಕೆ ಕೊಡಲು ಒಪ್ಪಿದರು. ಒಂದೇ ಷರತ್ತು: ದಿನಕ್ಕೆ ಮೂರು ಸಲ ಮೀಟರ್ ಹಚ್ಚಿ ವೋಲ್ಟು ಬರೆದಿಡಬೇಕು, ಒಂದು ದಿನವೂ ತಪ್ಪಬಾರದು.

"ನನ್ನ ಸೊಸಿ ಬರೀತಾಳ" ಎಂದರಂತೆ ಮಾವನವರು, ನನ್ನನ್ನು ಕೇಳದೆಯೇ.

ವ್ಯಾನಿನ ನೆತ್ತಿಯ ಮೇಲೆ ಫಲಕಗಳನ್ನು ಕೂರಿಸಿದೆವು. ವಯರು ಇಳಿಸಿ ಮನೆಯ ಬ್ಯಾಟರಿಗೆ ಜೋಡಿಸಿದೆ. ಬೆಳಕು ಬಂತು! ಆದರೆ ಸಂಜೆ ತುಂಬಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಕೊಂಚ ಇಳಿದಿರುತ್ತಿತ್ತು. ಮಾವನವರಿಗೆ ಪಕ್ಕದ ಮನೆಯವರ ಮೇಲೆ ಗುಮಾನಿ. ಕಳ್ಳ ಹೊರಗಿನವನಲ್ಲ, ಕತ್ತಲಾದ ಮೇಲೆ ಕರೆಂಟು ಬ್ಯಾಟರಿಯಿಂದ ಫಲಕಕ್ಕೇ ವಾಪಸು ಹರಿಯುತ್ತಿದೆ ಎಂದು ನಾನು ಲೆಕ್ಕ ಹಾಕಿ ಹೇಳಿದೆ.

"ಹಗಲೆಲ್ಲ ಕೊಟ್ಟು ರಾತ್ರಿ ಇಸಗೋತೈತಿ? ಥೇಟ್ ನಿಮ್ಮಕ್ಕ!" ಎಂದರು ಅತ್ತೆ, ಮಾವನವರನ್ನು ನೋಡಿ.

ಮುದ್ದೇಬಿಹಾಳದ ರೇಡಿಯೋ ರಿಪೇರಿಯವರಿಂದ ನನ್ನ ಗಂಡ ಒಂದು ಡಯೋಡ್ ತಂದರು. ಜೋಳದ ಕಾಳಿನಷ್ಟು ವಸ್ತು. ಇದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಎಂದು ನಾನು ವಿವರಿಸುವ ಮೊದಲೇ ಮಾವನವರು ಹಾರಿದರು: "ಒನ್ ವೇ! ಹಂಗ ಹೇಳಬಾರದೇನ?" ಆದರೆ ನಾನು ಅವಸರದಲ್ಲಿ ಅದನ್ನು ತಿರುಗಾಮುರುಗಾ ಜೋಡಿಸಿಬಿಟ್ಟೆ. ಎರಡು ದಿನ ಬ್ಯಾಟರಿಗೆ ಹನಿ ಕರೆಂಟೂ ಹೋಗಲಿಲ್ಲ. ಮಾವನವರು ಬೈಯಲಿಲ್ಲ. "ಬೋರ್ಡು ಉಲ್ಟಾ ಹಚ್ಚೀದಿ, ಯವ್ವಾ. ನಾನೂ ಒಮ್ಮೆ ಇಂಡಿ ಬೋರ್ಡು ಹಾಕ್ಕೊಂಡು ಸಿಂದಗಿಗೆ ಹೋಗಿದ್ದೆ" ಎಂದರು.

ನಿಜವಾದ ತೊಂದರೆ ಬಂದದ್ದು ಧೂಳಿನಿಂದ. ಫಲಕ ಒರೆಸಲು, ಅದಕ್ಕೇ ಮೀಟರ್ ಹಚ್ಚಿ ವೋಲ್ಟು ನೋಡಲು ನಾನು ದಿನಕ್ಕೆ ಮೂರು ಸಲ ಸೆರಗು ಸಿಕ್ಕಿಸಿ ಏಣಿಯಿಂದ ವ್ಯಾನಿನ ಮೇಲೆ ಹತ್ತಬೇಕಿತ್ತು. ಅತ್ತೆಯವರ ಅಣ್ಣ ಕನ್ನೊಳ್ಳಿಯಿಂದ ಬಂದವರು ಓಣಿಯ ತಿರುವಿನಲ್ಲೇ ನನ್ನನ್ನು ಕಂಡರು. ಚಹಾ ಮುಟ್ಟಲಿಲ್ಲ.

"ಮನಿ ಸೊಸಿ ನಡು ಓಣ್ಯಾಗ ಗಾಡಿ ಮ್ಯಾಲ ಹತ್ಯಾಳ! ನಾಳೆ ನಮ್ಮ ಮನಿತನಕ್ಕ ಯಾರು ಹೆಣ್ಣು ಕೊಡತಾರ?"

ಅಣ್ಣನ ಮಾತಿಗೆ ಅತ್ತೆ ತಲೆಬಾಗಿದರು. "ಇನ್ನ ಮ್ಯಾಲ ಗಾಡಿ ಹತ್ತಬ್ಯಾಡ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಭಾನುವಾರ ಬಂದ ಗಂಡನಿಗೆ ಹೇಳಿದರೆ, "ಅವ್ವಗ ಹೇಳೋ ಧೈರ್ಯ ನನಗಿಲ್ಲ. ನಿನಗ ಬ್ಯಾಡನ್ನೋ ಧೈರ್ಯನೂ ಇಲ್ಲ" ಎಂದರು. ಆ ದಿನ ವೋಲ್ಟು ಬರೆದಿಡುವ ವಹಿಯ ಪುಟವನ್ನು ಖಾಲಿ ನೋಡಿ ನನಗೆ ಅಳು ಬಂತು. ಮದುವೆಯಾದ ಮೇಲೆ ನಾನು ಪೆನ್ನು ಹಿಡಿದದ್ದು ಆ ವಹಿಗಾಗಿ ಮಾತ್ರ.

ಮರುದಿನ ಬೆಳಿಗ್ಗೆ ಎಂಜಿನ್ನಿನ ಸದ್ದು. ಮಾವನವರು ವ್ಯಾನನ್ನು ಹಿಂದೆ ಮುಂದೆ ಮಾಡಿ, ಒಂದು ಗೇಣೂ ಸಂದಿ ಬಿಡದೆ ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದರು. ನಮ್ಮ ಕಡೆ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ವ್ಯಾನಿನ ನೆತ್ತಿ ಈಗ ಮಾಳಿಗೆಯ ಅಂಚಿಗೆ ಸರಿಸಮ!

"ಸೊಸಿ ಮೆಣಸಿನಕಾಯಿ ಒಣಗಿಸಾಕ ಮಾಳಗಿ ಮ್ಯಾಲ ಹೋಗಬಹುದಲ್ಲ?" ಎಂದು ಅತ್ತೆಯನ್ನು ಕೇಳಿದರು.

"ಹೋಗಬಹುದು."

"ಅಲ್ಲಿಂದ ಕೈ ಚಾಚಬಹುದಲ್ಲ?"

ಅತ್ತೆ ವ್ಯಾನನ್ನು ನೋಡಿದರು, ಗೋಡೆಯನ್ನು ನೋಡಿದರು. "ಅಣ್ಣ ಕೈ ಬಗ್ಗೆ ಏನೂ ಹೇಳಿಲ್ಲ" ಎಂದು ಒಳಗೆ ಹೋಗಿ, ನನ್ನ ಕೈಗೆ ಒಂದು ಮೊರ ಮೆಣಸಿನಕಾಯಿ ಕೊಟ್ಟರು. ಆ ವರ್ಷ ನಮ್ಮ ಮನೆಯಷ್ಟು ಒಣಗಿದ ಮೆಣಸಿನಕಾಯಿ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ವರ್ಷ ತುಂಬಿದ ಮೇಲೆ ಮಾಸ್ತರರು ಫಲಕ ನೋಡಲು ಬಂದರು. ವಹಿ ತಿರುವುತ್ತ ಹುಬ್ಬು ಗಂಟಿಕ್ಕಿದರು. "ಏಪ್ರಿಲ್ ಬಿಸಿಲಾಗ ಜನವರಿಗಿಂತ ವೋಲ್ಟು ಕಡಿಮಿ ಬರದೀರಿ. ತಪ್ಪಾಗಿರಬೇಕು."

ನಾನು ಬಾಗಿಲ ಮರೆಯಿಂದಲೇ ಹೇಳಿದೆ: "ತಪ್ಪಲ್ರಿ. ತಗಡು ಬಿಸಿ ಆದ್ರ ವೋಲ್ಟು ಇಳೀತಾವ್ರಿ. ಹಸಿ ಅರಿವಿ ಹಾಕಿ ತಂಪು ಮಾಡಿ ನೋಡೇನಿ, ಏರತಾವ. ಮುಂದಿನ ಪುಟದಾಗ ಐತ್ರಿ."

ಮಾಸ್ತರರು ಮುಂದಿನ ಪುಟ ತೆಗೆದರು. ಬಹಳ ಹೊತ್ತು ಓದಿದರು. "ಈಕಿ ಇಲ್ಲಿ ಯಾಕ ಅದಾಳ್ರಿ? ಬಿ.ಎಸ್ಸಿ. ಸೇರಸ್ರಿ. ತಗಡು ಇನ್ನೂ ಇಟಗೋರಿ, ಆದ್ರ ಈಕಿನ್ನ ಕಳಸ್ರಿ" ಎಂದರು.

ವಿಜಾಪುರದಲ್ಲಿ ನಮ್ಮವರು ಯಾರೂ ಇಲ್ಲ, ಸೊಸೆಯನ್ನು ಎಲ್ಲಿ ಇಡುವುದು? ಮಾವನವರು ಹೊರಗೆ ನೋಡಿದರು. ನಾವೂ ನೋಡಿದೆವು. ಹಲ್ಲುಪುಡಿಯ ಹೆಂಗಸು ಬಾಯಿ ತೆರೆದು ನಿಂತಿದ್ದಳು.

"ಮನಿ ಕಟಗೊಂಡ ಹೋಗೂಣಲ್ಲ!" ಎಂದರು ಮಾವನವರು.

"ಮೂರೂ ಮಂದಿ ಹೋಗಬೇಕು. ಸೊಸಿನ್ನ ನಿಮ್ಮ ಡ್ರೈವಿಂಗಿಗೆ ಬಿಟ್ಟು ನಾ ಇಲ್ಲಿ ಕುಂಡ್ರಾಕಿ ಅಲ್ಲ" ಎಂದರು ಅತ್ತೆ. ಹೊಲ ಪಾಲಿಗೆ ಕೊಟ್ಟೆವು. ನನ್ನ ಗಂಡ ಭಾನುವಾರ ವಿಜಾಪುರಕ್ಕೇ ಬರುವುದೆಂದಾಯಿತು. ಕಾಲೇಜಿನ ಹಿಂದಿನ ಬಯಲಿನಲ್ಲಿ ವ್ಯಾನು ನಿಲ್ಲಿಸಲು ಮಾಸ್ತರರು ಒಪ್ಪಿಗೆ ಕೊಡಿಸಿದರು. ಅತ್ತೆ, ನಾನು ಒಳಗೆ. ಮಾವನವರು ಡ್ರೈವರ್ ಸೀಟಿನಲ್ಲಿ. ಹತ್ತಿರವೇ ಒಳ್ಳೆಯ ಬೇವಿನ ಗಿಡವಿತ್ತು, ಆದರೆ ಫಲಕಕ್ಕೆ ಬಿಸಿಲು ಬೇಕೆಂದು ಗಾಡಿಯನ್ನು ಬಯಲಿಗೇ ನಿಲ್ಲಿಸಿದರು.

ಅಲ್ಲಿಗೆ ಹೋದ ಹೊಸತರಲ್ಲಿ ಅವರು ಒಂದು ಹಳೆಯ ಮೋಟಾರು ರೇಡಿಯೋ ತಂದು ಬ್ಯಾಟರಿಗೆ ಜೋಡಿಸಿದ್ದರು. ಸಂಜೆಯ ವಾರ್ತೆ, ಆಮೇಲೆ ಮರಾಠಿ ನಾಟ್ಯಗೀತೆಗಳು. ಹಾಡು ಬಂದರೆ ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ತಿಂಗಳೊಳಗೆ ರೇಡಿಯೋ ನಿಂತುಹೋಯಿತು. "ಕೆಟ್ಟೈತಿ" ಎಂದರು. ನೋಡುತ್ತೇನೆ ಎಂದರೆ, "ಪರೀಕ್ಷಾ ಮುಗೀಲಿ" ಎಂದರು. ಸಂಜೆ ಬಲ್ಬಿನ ಕೆಳಗೆ ನಾನು ಓದುತ್ತಿದ್ದೆ. ಅವರು ಹೊರಗೆ ಕಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಮೋಡ ಕವಿದ ವಾರಗಳಲ್ಲೂ ನನ್ನ ಬಲ್ಬು ಮಂಕಾಗಲಿಲ್ಲ. ಎರಡು ಫಲಕಗಳ ಶಕ್ತಿಯೇ ಶಕ್ತಿ ಎಂದುಕೊಂಡಿದ್ದೆ ನಾನು, ಭೌತಶಾಸ್ತ್ರದ ವಿದ್ಯಾರ್ಥಿನಿ!

ಮೊದಲ ವರ್ಷದ ಕೊನೆಯ ಪರೀಕ್ಷೆ ಬರೆದು ಬಂದ ದಿನ ಸ್ಕ್ರೂಡ್ರೈವರ್ ಹಿಡಿದು ರೇಡಿಯೋ ಬಿಚ್ಚಿದೆ. ಒಳಗೆ ಏನೂ ಕೆಟ್ಟಿರಲಿಲ್ಲ. ಹಿಂದೆ ನೋಡಿದರೆ, ಬ್ಯಾಟರಿಯಿಂದ ಬರುವ ಕೆಂಪು ವಯರನ್ನು ಯಾರೋ ಬಿಚ್ಚಿದ್ದರು. ತುದಿಗೆ ಟೇಪು ಸುತ್ತಿದ್ದರು, ಮೂರು ಸುತ್ತು, ನಾನು ಕಲಿಸಿದಂತೆಯೇ, ಅಚ್ಚುಕಟ್ಟಾಗಿ. ಟೇಪಿನ ಮೇಲೆ ಎಂಟೊಂಬತ್ತು ತಿಂಗಳ ಧೂಳು ಕೂತಿತ್ತು.

ನಾನು ಅತ್ತೆಯತ್ತ ನೋಡಿದೆ. ಅವರು ಸ್ಟೋವಿಗೆ ಪಂಪು ಹೊಡೆಯತೊಡಗಿದರು. ಅದು ಆಗಲೇ ಉರಿಯುತ್ತಿತ್ತು.

ವಯರು ಜೋಡಿಸಿದೆ. ಹಾಡು ಬಂತು. ಹಲ್ಲಿನ ಕಿಟಕಿಯಿಂದ ಮಾವನವರು ಒಳಗೆ ಇಣುಕಿದರು.

"ರಿಪೇರಿ ಆತೇನ?"

"ಆತ್ರಿ, ಮಾವಾರ."

"ಏನಾಗಿತ್ತು?"

"ಒಂದು ವಯರು ಬಿಚ್ಚಿತ್ರಿ."

"ಹೌದ ಮತ್ತ. ಹಾಳ ರಸ್ತಾ, ಗಾಡಿ ಕುಣಿದು ಕುಣಿದು ಬಿಚ್ಚತಾವ" ಎಂದು ಅವರು ಮುಖ ಆಚೆ ತಿರುಗಿಸಿದರು.

ಇಡೀ ವರ್ಷ ನಮ್ಮ ಗಾಡಿ ಆ ಬಯಲಿನಿಂದ ಒಂದಡಿಯೂ ಕದಲಿರಲಿಲ್ಲ.