ಮರ್ಲ್‌ನ ತಿದ್ದುಪಡಿ

ಮರ್ಲ್ ಹಾಜ್‌ಡನ್ ಅಂದು ಮಾಡಿದ ಮೊದಲ ತಪ್ಪೆಂದರೆ, ಮನೆಯ ಬಾವಿ ನೀರು ತುಂಬಿದ ಹಾಲಿನ ಕ್ಯಾನನ್ನು ಊರ ಸಭಾಭವನದ ಅಡುಗೆಮನೆಯಲ್ಲಿ ಇಟ್ಟದ್ದು.

ಟಾಲ್ಮನ್ಸ್ ಫೆರಿ ಎಂಬ ಆ ಊರಿನ ಕಕ್ಕಸಿನ ಪೈಪುಗಳೆಲ್ಲ ಸೀದಾ ನದಿಗೇ ಬೀಳುತ್ತಿದ್ದವು. ನದಿ ಊರು ಬಿಡುವ ಕಡೆ ಮರ್ಲ್‌ನ ಮನೆ; ಆ ಕೊಳಚೆಯೆಲ್ಲ ಅವನ ಬಾವಿಗೆ ಇಳಿಯುತ್ತಿತ್ತು. ಮಗಳು ರೂತಿ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದಳು. ನೀರು ಸರಿಹೋಗುವವರೆಗೆ ಮಗುವನ್ನು ಆ ಮನೆಗೆ ಕಳಿಸುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇವತ್ತು ಮಾರ್ಚ್ ತಿಂಗಳ ವಾರ್ಷಿಕ ಸಭೆ. ಬಾಂಡ್ ಮಾರಿ ಸಾಲವೆತ್ತಿ, ಕೊಳಚೆ ಶುದ್ಧಮಾಡುವ ಘಟಕ ಕಟ್ಟಬೇಕೋ ಬೇಡವೋ ಎಂದು ಇಡೀ ಊರು ಕೈಯೆತ್ತಿ ತೀರ್ಮಾನಿಸಬೇಕು. ಆ ನೀರನ್ನು ತೋರಿಸಿದರೆ ಕಲ್ಲೂ ಕರಗೀತು ಎಂದು ಮರ್ಲ್ ನಂಬಿದ್ದ.

ಊಟದ ಹೊತ್ತಿಗೆ ಕ್ಯಾನು ಖಾಲಿ.

"ಅಯ್ಯೋ, ಅದು ನಿಂದೇನೋ? ಚಳಿಗೆ ಕೊಳಾಯಿ ನೀರು ಹೆಪ್ಪುಗಟ್ಟಿತ್ತು, ಕಾಫಿಗೆ ಸುರಿದುಬಿಟ್ಟೆ" ಎಂದಳು ಬಡಿಸುತ್ತಿದ್ದ ಇಡೆಲಾ ಅಜ್ಜಿ.

"ಯಾರೂ ಕುಡೀಬೇಡ್ರೋ! ಅದು ನಮ್ಮ ಬಾವಿ ನೀರು!"

ಎಲ್ಲರೂ ಕುಡಿದಾಗಿತ್ತು. ಅಂಗಡಿಯ ವೆಂಡೆಲ್ ಪ್ರ್ಯಾಟ್ ಎರಡನೇ ಲೋಟ ಮುಗಿಸಿ ಮೀಸೆ ಒರೆಸಿಕೊಂಡ. "ನೋಡ್ರಪ್ಪಾ, ಇದೇ ಅಂತೆ ವಿಷ! ನಾವೇನು ಸತ್ವಾ? ಇದಕ್ಕೆ ಮಕ್ಕಳ ಕಾಲದವರೆಗೂ ತೆರಿಗೆ ಕಟ್ಟಬೇಕಂತೆ!"

"ಕುದಿಸಿದ್ದಕ್ಕೆ ಬದುಕಿದ್ದೀರಿ!" ಎಂದು ಮರ್ಲ್ ಕೂಗಿದ್ದು ಜನರ ನಗುವಿನಲ್ಲಿ ಮುಳುಗಿಹೋಯಿತು. ಮಗುವಿನ ಹಳದಿ ಕಣ್ಣು ಅವರಾರಿಗೂ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಚರ್ಚೆಗೆ ವೆಂಡೆಲ್ ಮತ್ತೆ ಎದ್ದ. "ಆಯ್ತು, ಕಟ್ಟೋಣ. ಎಲ್ಲಿ ಕಟ್ತೀರಿ? ನನ್ನ ಅಂಗಡಿ ಹಿಂದೇನಾ? ಚರ್ಚ್ ಪಕ್ಕಾನಾ? ಊರ ಹೇಲನ್ನೆಲ್ಲ ಯಾರ ಬಾಗಿಲಿಗೆ ತರ್ತೀರಿ?"

ಮರ್ಲ್‌ಗೆ ತಾಳ್ಮೆ ತಪ್ಪಿತು. "ನನ್ನ ಜಾಗದಲ್ಲೇ ಕಟ್ಟಿ ಸಾಯ್ರೋ!"

ಮುದಿ ಸಭಾಧ್ಯಕ್ಷರು ಕನ್ನಡಕ ಏರಿಸಿದರು. "ಇದು ತಿದ್ದುಪಡಿಯೇನಪ್ಪಾ?"

ಆ ಸೀಮೆಯಲ್ಲಿ ಸಭೆಯ ನಡುವೆ ನಿಂತು ತಿದ್ದುಪಡಿ ಎಂದದ್ದನ್ನು ಇನ್ನೊಬ್ಬ ಅನುಮೋದಿಸಿದರೆ ಮುಗಿಯಿತು, ಅದು ಮತಕ್ಕೆ ಹೋಗಲೇಬೇಕು. ಸಿಟ್ಟಿನಲ್ಲಿ ಅಂದೆ ಎಂದರೆ ಯಾರೂ ಕೇಳುವುದಿಲ್ಲ.

"ಹೌದು! ಏನೀಗ?" ಎಂದ ಮರ್ಲ್.

"ನಾನು ಅನುಮೋದಿಸ್ತೀನಿ" ಎಂದು ಮೊದಲು ಕೂಗಿದವನು ವೆಂಡೆಲ್.

ಬೆಳಗಿನಿಂದ ತೆರಿಗೆ ತೆರಿಗೆ ಎಂದು ಎದೆ ಬಡಿದುಕೊಂಡವರೂ ಕೈಯೆತ್ತಿದರು. ಅವರ ನಿಜವಾದ ಭಯ ವಾಸನೆಯದಾಗಿತ್ತು. ಬಾಂಡ್ ಗೆದ್ದಿತು. ಜನ ಮರ್ಲ್‌ನ ಬೆನ್ನು ತಟ್ಟಿದರು. ಇಡೆಲಾ ಅಜ್ಜಿ ಮಾತ್ರ, "ಊರಿಗೆ ಉಪಕಾರ ಮಾಡಬೇಡ ಅಂತಾರೆ, ನೀನು ಕೇಳ್ಲಿಲ್ಲ" ಎಂದು ಲೊಚಗುಟ್ಟಿದಳು.

ಮರ್ಲ್‌ಗೆ ಅದೆಲ್ಲ ತಲೆಗೆ ಹೋಗಲಿಲ್ಲ. ಓಡಿಹೋಗಿ ಆಸ್ಪತ್ರೆಗೆ ಫೋನು ಹಚ್ಚಿ, ಮಗುವಿನ ಜೊತೆಗಿದ್ದ ಹೆಂಡತಿಯನ್ನು ಕರೆಸಿದ. "ಗೆದ್ವಿ ಕಣೇ ಲೋರ್ನಾ! ಮಗು ಮನೆಗೆ ಬರ್ತಾಳೆ!" ಹೇಳುವಾಗಲೇ ಅವನಿಗೆ ಅಳು ಬಂತು.

ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಘಟಕದ ಲೆಕ್ಕ ಹೇಳಲು ಪಟ್ಟಣದಿಂದ ಬಂದಿದ್ದ ಇಂಜಿನಿಯರು.

"ದೊಡ್ಡ ಮನಸ್ಸು ಸಾರ್ ನಿಮ್ಮದು. ಆದರೆ ತೊಟ್ಟಿಗಳಿಗೆ ನಿಮ್ಮ ಜಾಗ ಪೂರ್ತಿ ಬೇಕಾಗುತ್ತೆ. ಮನೆ ಯಾವಾಗ ಕೆಡವಬಹುದು?"

ಫೋನಿನಲ್ಲಿ ಲೋರ್ನಾ ನಗುತ್ತಿದ್ದಳು. "ರೀ, ಮನೆಗೆ ಯಾವತ್ತು ಹೋಗೋದು ಅಂತ ರೂತಿ ಒಂದೇ ಸಮನೆ ಕೇಳ್ತಿದಾಳೆ. ಏನು ಹೇಳ್ಲಿ?"

"ಅವಸರ ಏನಿಲ್ಲ ಅಂತ ಹೇಳು" ಎಂದ ಮರ್ಲ್.