ಭೂಗೋಳ ಮೇಷ್ಟ್ರ ಶಭಾಷ್‌ಗಿರಿ

ಬೆಳಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾಗ ಭೂಗೋಳ ಮೇಷ್ಟ್ರು ಹತ್ತು ನಿಮಿಷ ಗುಡುಗಿದ್ದೇ ಎಲ್ಲ ಅವಾಂತರಕ್ಕೆ ಮೂಲ.

"ಧೈರ್ಯ ಅಂದ್ರೆ ಹುಲಿ ಬೇಟೆಯಲ್ಲ ಮಕ್ಕಳೇ! ಹೇಳ್ಬೇಕಾದ ಮಾತನ್ನ ಹೇಳ್ಬೇಕಾದವರ ಮುಂದೆ ಹೇಳೋದೇ ಧೈರ್ಯ. ಇವತ್ತು ಒಬ್ಬೊಬ್ಬರೂ ಒಂದೊಂದು ಧೈರ್ಯದ ಕೆಲಸ ಮಾಡಿ ಈ ಪುಸ್ತಕದಲ್ಲಿ ಬರೀರಿ. ಕೆಂಪು ಶಾಯೀಲಿ 'ಶಭಾಷ್' ಅಂತ ಬರ್ದು ಸಹಿ ಹಾಕ್ತೀನಿ."

ಹೀಗೆ ಗುಡುಗಿದವರ ಜೇಬಿನಲ್ಲಿ ಒಂದು ರಜೆ ಅರ್ಜಿ ಎಂಟು ದಿನದಿಂದ ಬೆವರು ಕುಡಿಯುತ್ತ ಮಲಗಿತ್ತು. ಪಕ್ಕದೂರಿನ ಹಾಸ್ಟೆಲಿನಲ್ಲಿದ್ದ ಮಗಳ ಮೊದಲ ನಾಟಕ ನಾಳೆ. "ಅಪ್ಪಾ, ನೀವು ಮುಂದಿನ ಸಾಲಲ್ಲಿ ಕೂತಿದ್ರೇನೇ ನಂಗೆ ಮಾತು ಬರೋದು" ಎಂದಿದ್ದಳು. ಆದರೆ ಹೆಡ್‌ಮಿಸ್ಟ್ರೆಸ್ ದೊಡ್ಡ ಮೇಡಂ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ಸಾಕು, ಅಪ್ಪನ ನಾಲಿಗೆ ಅಂಚೆಚೀಟಿಯಂತೆ ಅಂಗುಳಿಗೆ ಅಂಟಿಬಿಡುತ್ತಿತ್ತು.

ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಗಣಿತ ಮೇಷ್ಟ್ರು ನುಗ್ಗಿದರು. "ಏನ್ರೀ, ನಿಮ್ ಶಿಷ್ಯ ಎಲ್ಲರೆದುರು ಎದ್ದು ನಿಂತು 'ಸರ್, ಉತ್ತರ ತಪ್ಪು' ಅಂದ!"

"ತಪ್ಪಾಗಿತ್ತಾ?"

"ಆಗಿತ್ತು ಕಣ್ರೀ, ಅದಕ್ಕೇ ಹೊಟ್ಟೆ ಉರೀತಿರೋದು!"

ಹನ್ನೊಂದು ಗಂಟೆಗೆ ಡ್ರಿಲ್ ಮೇಷ್ಟ್ರು ಸ್ಟಾಫ್ ರೂಮಿನ ಬೆಂಚಿನ ಮೇಲೆ ಹಿಂಡಿದ ಟವೆಲ್ಲಿನಂತೆ ಬಿದ್ದಿದ್ದರು. ಯಾವಳೋ ಪೋರಿ "ನಮ್ ಜೊತೆ ನೀವೂ ಓಡಿ ಸರ್" ಎಂದಿದ್ದಳಂತೆ. "ನಿಮ್ ಧೈರ್ಯ ನನ್ ಮಂಡಿಗೆ ಬಂತಲ್ಲ ಮಾರಾಯ್ರೇ!" ಎಂದು ನರಳಿದರು. ಮೇಷ್ಟ್ರು ಅವರ ಕಣ್ಣು ತಪ್ಪಿಸಿ ಎರಡಕ್ಕೂ ಶಭಾಷ್ ಬರೆದರು.

ಊಟದ ಬಿಡುವಿನಲ್ಲಿ ಖಾಲಿ ಕ್ಲಾಸಿನ ಬಾಗಿಲು ಹಾಕಿಕೊಂಡು, ಗ್ಲೋಬಿಗೆ ತಮ್ಮ ಕನ್ನಡಕ ಏರಿಸಿ ತಾಲೀಮು ಶುರುವಿಟ್ಟರು.

"ಮೇಡಂ, ನಾಳೆ ಒಂದಿನ ರಜೆ..."

ಗ್ಲೋಬಿನ ಪರವಾಗಿ ತಾವೇ ಮೂಗಿನಲ್ಲಿ ಕೇಳಿದರು: "ರಜೇನಾ? ಹ್ಞೂಂ?"

ದನಿ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ತಾವೇ ಎರಡು ಹೆಜ್ಜೆ ಹಿಂದೆ ಸರಿದು, "ಏನಿಲ್ಲ ಮೇಡಂ" ಎಂದು ಅರ್ಜಿಯನ್ನು ಮತ್ತೆ ಜೇಬಿಗಿಳಿಸಿದರು.

ಕಿಟಕಿಯಲ್ಲಿ ಎರಡು ಕಣ್ಣು! ಕೊನೆ ಬೆಂಚಿನ ಮೌನಗೌರಿ. ವರ್ಷದಲ್ಲಿ ಹಾಜರಿ ಬಿಟ್ಟು ಬೇರೇನೂ ಹೇಳದವಳು.

"ಸರ್, ನಂಗೂ ಒಂದು ಧೈರ್ಯದ ಕೆಲ್ಸ ಸಿಕ್ತು!"

ಕಿಟಕಿ ಕಟ್ಟೆಯ ಮೇಲಿದ್ದ ಶಭಾಷ್ ಪುಸ್ತಕ ಎತ್ತಿಕೊಂಡು ಓಡಿದವಳು ನಿಂತದ್ದು ದೊಡ್ಡ ಮೇಡಂ ಕೋಣೆಯಲ್ಲೇ. ಮೇಷ್ಟ್ರು ಏದುಸಿರು ಬಿಡುತ್ತ ಬಾಗಿಲು ಮುಟ್ಟುವಾಗ ಅವಳ ಮಾತು ಮುಗಿಯುತ್ತಿತ್ತು: "...ರಜೆ ಬೇಕಂತೆ ಮೇಡಂ. ನಿಮ್ಮನ್ನ ಕೇಳಕ್ಕೆ ಅವರಿಗೆ ಭಯ."

ಅವಳನ್ನು ಕಳಿಸಿ ಮೇಡಂ ಕೈ ಚಾಚಿ, ಮೇಷ್ಟ್ರು ಜೇಬಿನಿಂದ ತೆಗೆದುಕೊಟ್ಟ ಅರ್ಜಿ ಓದಿದರು. "ಎಂಟು ದಿನದ ಹಿಂದೆ ಬರ್ದಿದ್ದಾ? ನಿನ್ನೆ ಕೇಳಿದ್ರೂ ಕೊಟ್ಬಿಡ್ತಿದ್ದೆನಲ್ಲ ಮೇಷ್ಟ್ರೇ! ನಂಗೆ ಯಾರಿಗೂ 'ಇಲ್ಲ' ಅನ್ನೋಕೇ ಬರಲ್ಲ. ಯಾರೂ ಏನೂ ಕೇಳದಿರ್ಲಿ ಅಂತಾನೇ ಇಪ್ಪತ್ತು ವರ್ಷದಿಂದ ಈ ಗಂಟುಮುಖ ಹೊತ್ಕೊಂಡಿರೋದು."

ಮೇಷ್ಟ್ರ ಮುಖ ಅರಳಿತು. "ಹಾಗಾದ್ರೆ ಮೇಡಂ...?"

"ಬೆಳಗ್ಗೆ ನಿಮ್ ಮಾತು ಕೇಳಿ ಮನಸ್ಸು ಗಟ್ಟಿ ಮಾಡ್ಕೊಂಡೆ. ಇವತ್ತು ಮೊದಲು ಯಾರು ಏನೇ ಕೇಳಿದ್ರೂ 'ಇಲ್ಲ' ಅಂದೇ ತೀರ್ತೀನಿ ಅಂತ." ಮೇಡಂ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ರಜೆ ಇಲ್ಲ!"

ಹೇಳಿದ್ದೇ ತಡ, ಮೊದಲ ಸಲ ಸೈಕಲ್ ಹೊಡೆದ ಮಗುವಿನಂತೆ ಹಿಗ್ಗಿ, ಅದನ್ನು ಹುಡುಗಿ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕದಲ್ಲಿ ಬರೆದು ಮುಂದೆ ತಳ್ಳಿದರು.

ಅರ್ಜಿಯಲ್ಲಿ ಬರೆಯದ ಮಗಳ ನಾಟಕದ ವಿಷಯ ಹೇಳಲೆಂದು ಮೇಷ್ಟ್ರು ಬಾಯಿ ತೆರೆದರು. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

ಮೇಷ್ಟ್ರು ಕೆಂಪು ಪೆನ್ನು ತೆಗೆದು, ದುಂಡಗೆ, "ಶಭಾಷ್" ಎಂದು ಬರೆದರು.