ಪೆಂಡಿಂಗಿನಿಂದ ಸ್ಯಾಂಕ್ಷನ್‌ಗೆ

ಚಂದ್ರಶೇಖರ ಕೆಟ್ಟಿದ್ದು ನಾಲ್ಕು ಬೆರಳಗಲದ ದಾರಿಯಲ್ಲಿ. ಕಂಪ್ಯೂಟರಿನ ಪರದೆ ಮೇಲೆ ‘ಪೆಂಡಿಂಗ್’ ಅನ್ನುವ ಫೋಲ್ಡರಿಗೂ ‘ಸ್ಯಾಂಕ್ಷನ್’ ಅನ್ನುವ ಫೋಲ್ಡರಿಗೂ ಇದ್ದ ದೂರ ಅಷ್ಟೇ. ಚಿತ್ರದುರ್ಗದ ಡಿಪೋಗೆ ವರ್ಗ ಕೇಳಿದ ಅವನ ಅರ್ಜಿ ಮಾತ್ರ ಎರಡು ವರ್ಷದಿಂದ ಪೆಂಡಿಂಗಿನಲ್ಲೇ ಕೊಳೆಯುತ್ತಿತ್ತು.

ಹೆಂಡತಿ ಶಾಂತಾ ದುರ್ಗದಲ್ಲಿ ಟೀಚರು. ಇವನು ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರ್ಸ್ ಆಫೀಸಿನಲ್ಲಿ ಗುಮಾಸ್ತ. ತಿಂಗಳಿಗೊಮ್ಮೆ ಊರಿಗೆ ಹೋದರೆ ಮಗಳು ಇವನನ್ನು ನೋಡಿ, “ಅಮ್ಮಾ, ಯಾರೋ ಮಾಮ ಬಂದ” ಅನ್ನುತ್ತಿದ್ದಳು. ಹೆತ್ತ ಮಗಳ ಬಾಯಲ್ಲಿ ಅದನ್ನು ಕೇಳಿದ ಮೇಲೆ ಅನ್ನ ಗಂಟಲಲ್ಲಿ ಇಳಿಯುತ್ತದೆಯೇ? ನೀವೇ ಹೇಳಿ.

ತೊಂಬತ್ತಾರನೇ ಇಸವಿ. ಕಂಪ್ಯೂಟರ್ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟೇ ಹೋಗಬೇಕಿದ್ದ ಕಾಲ. ಸ್ಯಾಂಕ್ಷನ್ ಫೋಲ್ಡರಿನಲ್ಲಿ ಇದ್ದದ್ದೆಲ್ಲ ದಿನಾ ಮೂರು ಗಂಟೆಗೆ ಆರ್ಡರಾಗಿ ಪ್ರಿಂಟಾಗಿ, ಸಾಹೇಬರಾದ ರಾಮಚಂದ್ರಪ್ಪನವರ ಸಹಿಗೆ ಹೋಗುತ್ತಿತ್ತು. ಆ ಸೋಮವಾರ ಬೆಳಿಗ್ಗೆ, ದುರ್ಗದಿಂದ ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿ ಬಂದ ಚಂದ್ರಶೇಖರ, ಅತ್ತ ಇತ್ತ ನೋಡಿ, ತನ್ನ ಅರ್ಜಿಯನ್ನು ಮೌಸಿನಲ್ಲಿ ಹಿಡಿದು ಎಳೆದು ಸ್ಯಾಂಕ್ಷನ್ನಿಗೆ ಬಿಟ್ಟೇಬಿಟ್ಟ.

“ಏನ್ರೀ ಅದು, ಎಳ್ಕೊಂಡು ಹೋಗಿ ಎಲ್ಲಿ ಬಿಟ್ರಿ?”

ಬೆನ್ನ ಹಿಂದೆ ಟೈಪಿಸ್ಟ್ ಅಂಜನಮ್ಮ. ಚಂದ್ರಶೇಖರ ಮೌಸಿನಿಂದ ಕೈ ಕಿತ್ತುಕೊಂಡ.

“ನಾನೂ ಮೈಸೂರಿಗೆ ಕೇಳಿ ವರ್ಷ ಆಯ್ತು. ನಂದನ್ನೂ ಎಳೀರಿ. ಇಲ್ದಿದ್ರೆ ಸಾಹೇಬ್ರ ಹತ್ರ ಬಾಯಿ ಬಿಡ್ತೀನಿ ನೋಡಿ!”

ಎಳೆದ. ಅಷ್ಟರಲ್ಲಿ ಅಶ್ವತ್ಥಪ್ಪನವರು ಬಾಗಿಲಲ್ಲಿ. ಬೂದಿಕೋಟೆಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುವ ಹಿರಿಯ ಗುಮಾಸ್ತರು. ಅವರದು ಬಂಗಾರಪೇಟೆ ಡಿಪೋದ ಅರ್ಜಿ.

“ಲೇ ಚಂದ್ರು, ನಂದೂ ಆಕ್ಲಾ. ಸಂಜೆ ಆಲು ಕರೆಯೋ ಒತ್ಗೆ ಮನೆ ಸೇರ್ಬೇಕು. ನಾನು ತಡವಾದ್ರೆ ನಮ್ಮ ಅಸ ಯಾರ್ನೂ ಅತ್ರಕ್ಕೇ ಬಿಟ್ಕಳಲ್ಲ ಕಣ್ಲಾ!”

ಅದೂ ಹೋಯಿತು. ಸಾಹೇಬರನ್ನು ಬಿಟ್ಟರೆ ಆ ಆಫೀಸಿನಲ್ಲಿ ಇದ್ದವರೇ ಈ ಮೂವರು.

ಮೂರು ಗಂಟೆಗೆ ಮೂರು ಆರ್ಡರು ಮುಂದೆ ಬಂದಾಗ ಸಾಹೇಬರ ಕಣ್ಣು ಹಣೆಗೇರಿತು. “ಇವು ಯಾವಾಗ ಸ್ಯಾಂಕ್ಷನ್ ಆದ್ವು?”

“ಕಂಪ್ಯೂಟರಿನಲ್ಲಿ ಇತ್ತು ಸಾರ್,” ಅಂದ ಚಂದ್ರಶೇಖರ. ಅದೇನೂ ಸುಳ್ಳಲ್ಲವಲ್ಲ.

ಸಾಹೇಬರು ಬರಿಗಾಲಲ್ಲಿ ಒಳಗೆ ಹೋಗಿ, ಪರದೆಗೆ ದೂರದಿಂದಲೇ ಕೈಮುಗಿಯುವವರ ಹಾಗೆ ಬಗ್ಗಿ ನೋಡಿದರು. ತಮಗೆ ಅದರ ತಲೆಬುಡ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಪೈಕಿ ಅವರಲ್ಲ. “ಹೌದೌದು, ಇದರೊಳಗೇ ಇದೆ ಅಂದ್ಮೇಲೆ ನಾನೇ ಮಾಡಿರ್ತೀನಿ,” ಅಂದು ಮೂರಕ್ಕೂ ಸಹಿ ಗೀಚಿದರು.

ಅಬ್ಬಾ! ಚಂದ್ರಶೇಖರನಿಗೆ ಆಫೀಸೆಲ್ಲ ದುರ್ಗದ ಬಸ್‌ಸ್ಟ್ಯಾಂಡಾಗಿ ಕಂಡಿತು. ಇನ್ನು ಮೇಲೆ ದಿನಾ ಸಂಜೆ ಶಾಂತಾಳ ಕೈಯ ಊಟ, ಮಗಳ ಬೆರಳು ಹಿಡಿದು ಬೀದಿಯ ತುದಿಯವರೆಗೆ ತಿರುಗಾಟ. ಆ ಖುಷಿಯಲ್ಲಿ ಅವನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ವರ್ಗವಾದವರು ತಮ್ಮ ಬೀಗ, ರಿಜಿಸ್ಟರು ಎಲ್ಲವನ್ನೂ ಇನ್ನೊಬ್ಬ ಗುಮಾಸ್ತರಿಗೆ ಒಪ್ಪಿಸಿ, ಚಾರ್ಜ್ ಪಟ್ಟಿಗೆ ಸಹಿ ಹಾಕಿಸಿಕೊಂಡರೆ ತಾನೇ ಬಿಡುಗಡೆ? ಅಂಜನಮ್ಮ ಪಟ್ಟಿ ಚಾಚಿದರು, ನಗುತ್ತಾ ಸಹಿ ಹಾಕಿದ. ಅಶ್ವತ್ಥಪ್ಪನವರು ಬೀಗದ ಗೊಂಚಲು ಕೊಟ್ಟರು, ಅದಕ್ಕೂ ಹಾಕಿದ. ಇಬ್ಬರೂ ರಾಬರ್ಟ್‌ಸನ್‌ಪೇಟೆಯ ಬಸ್‌ಸ್ಟ್ಯಾಂಡಿಗೆ ಓಡಿದರು.

ಕೊನೆಗೆ ಇವನು ಸಾಹೇಬರ ಮುಂದೆ ಹಲ್ಲು ಕಿರಿದು ನಿಂತ.

“ಬಹಳ ಸಂತೋಷ ಚಂದ್ರಶೇಖರ್. ಚಾರ್ಜ್ ಯಾರಿಗೆ ಕೊಟ್ರಿ?”

ಅವನು ಹಿಂತಿರುಗಿ ನೋಡಿದ. ಮೂರು ಕುರ್ಚಿಯೂ ಖಾಲಿ.

“ಹೊಸಬ್ರು ಬರೋವರೆಗೂ ಬಿಡೋ ಹಾಗಿಲ್ಲಪ್ಪ. ವರ್ಷ ಆಗ್ಬಹುದು, ಎರಡೂ ಆಗ್ಬಹುದು. ಅಲ್ಲೀತನಕ ಮೂರೂ ಜನರ ಕೆಲಸ ನೀವೇ ನೋಡ್ಕೊಳ್ಳಿ, ಸಹಿ ಹಾಕಿದ್ದೀರಲ್ಲ.”

ಸಂಜೆ ಎಸ್‌ಟಿಡಿ ಬೂತಿನಿಂದ ದುರ್ಗದ ಪಕ್ಕದ ಮನೆಗೆ ಫೋನು ಮಾಡಿ ಶಾಂತಾಳನ್ನು ಕರೆಸಿದ.

“ಆರ್ಡರ್ ಬಂತಾ? ಅಯ್ಯೋ ದೇವ್ರೇ, ನಿಜವಾಗ್ಲೂ ಬಂತಾ?” ಅವಳು ಅತ್ತೇಬಿಟ್ಟಳು.

“ಬಂತು ಕಣೇ, ಜೇಬಲ್ಲೇ ಇದೆ,” ಅಂದ ಚಂದ್ರಶೇಖರ, ಕಣ್ಣು ಒರೆಸಿಕೊಳ್ಳುತ್ತಾ. “ಇನ್ನು ನಾನು ಬರೋದೊಂದು ಬಾಕಿ.”